ಮಳೆ ಬಿಡಲೇ ಇಲ್ಲ ಅಂದರೆ ಎಷ್ಟು ಗಂಟೆ?
ಬೆಳೆರೋಗದ ಅಧ್ಯಯನಕ್ಕೆ ತೋಟದ ಹವೆಯನ್ನು ಸರಿಯಾಗಿ ಅಳೆಯುವುದು ಹೇಗೆ



ಆಟಿ ತಿಂಗಳಲ್ಲಿ ಕಾಸರಗೋಡು ಕಡೆಯ ಅಡಿಕೆ ತೋಟಕ್ಕೆ ಇಳಿದು ನೋಡಿ. ಕಣಿಯಲ್ಲಿ ನೀರು ಹರಿಯುತ್ತಿರುತ್ತದೆ. ಮರದ ಬುಡದಲ್ಲಿ ಹಸಿರು ಎಳೆ ಅಡಿಕೆ ಉದುರಿ ಬಿದ್ದಿರುತ್ತದೆ. ಒಂದನ್ನು ಹೆಕ್ಕಿ ನೋಡಿದರೆ ತೊಟ್ಟಿನ ಹತ್ತಿರ ನೀರಿನಲ್ಲಿ ನೆನೆದಂಥ ಕಡುಹಸಿರು ಕಲೆ ಕಾಣುತ್ತದೆ. ಕೆಲವು ದಿನ ಕಳೆದರೆ ಕಾಯಿಯ ಮೇಲೆಲ್ಲ ಬಿಳಿ ಹತ್ತಿ ಅಂಟಿದ ಹಾಗೆ. ಅಜ್ಜ ಹೇಳುತ್ತಾರೆ, "ಈ ಸಲ ಮಳೆ ಬಿಡ್ಲೇ ಇಲ್ಲ ಮಗಾ, ಮಹಾಳಿ ಬಾರದೆ ಇರ್ತದಾ?"

ಮಹಾಳಿ ಅಂದರೆ ಕೊಳೆರೋಗ. ಅಜ್ಜನ ಮಾತು ಸುಳ್ಳಲ್ಲ. ಎಷ್ಟೋ ವರ್ಷ ತೋಟವನ್ನು ಕಣ್ಣಾರೆ ನೋಡಿ ಬಂದ ಮಾತು ಅದು. ಆದರೆ ಅದನ್ನು ವಿಜ್ಞಾನದ ಮಾತಾಗಿ ಮಾಡಬೇಕಾದರೆ ಕೆಲವು ಪ್ರಶ್ನೆ ಕೇಳಲೇಬೇಕು. ಮಳೆ ಬಿಡಲೇ ಇಲ್ಲ ಅಂದರೆ ಎಷ್ಟು ಗಂಟೆ ಬಂತು? ಎಷ್ಟು ಮಿಲಿಮೀಟರ್? ಮಳೆ ನಿಂತ ಮೇಲೂ ಗೊನೆ ಎಷ್ಟು ಹೊತ್ತು ಒದ್ದೆ ಇತ್ತು? ಆಗ ಉಷ್ಣತೆ ಎಷ್ಟು? ಹೋದ ವರ್ಷವೂ ಮಳೆ ಬಂದಿತ್ತಲ್ಲ, ಆಗ ರೋಗ ಕಡಿಮೆ ಇದ್ದದ್ದು ಯಾಕೆ?

ಇವಕ್ಕೆ ಉತ್ತರ ಬೇಕಾದರೆ ಅಳೆಯಬೇಕು. ಅಳತೆ ತಪ್ಪಾದರೆ ಉತ್ತರವೂ ತಪ್ಪು. ಹೇಗೆ ಅಳೆದರೆ ಸರಿ, ಎಲ್ಲಿ ತಪ್ಪುತ್ತೇವೆ ಎಂಬುದೇ ಇಂದಿನ ಪಾಠ.

ರೋಗ ಬರಲು ಮೂರು ಸೇರಬೇಕು

ಗಿಡಕ್ಕೆ ರೋಗ ಬರಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ಕೂಡಬೇಕು. ಒಂದು, ರೋಗ ತಗಲಬಲ್ಲ ಗಿಡ. ಎರಡು, ರೋಗಕಾರಕ ಜೀವಿ. ಮೂರು, ಆ ಜೀವಿಗೆ ಅನುಕೂಲವಾದ ಹವೆ. ಇದನ್ನು 'ರೋಗ ತ್ರಿಕೋನ' ಎನ್ನುತ್ತಾರೆ. ಒಂದು ಬದಿ ಇಲ್ಲದಿದ್ದರೆ ತ್ರಿಕೋನ ಆಗುವುದಿಲ್ಲ, ರೋಗವೂ ಬರುವುದಿಲ್ಲ.

ಕೊಳೆರೋಗದ ಕಾರಕ ಫೈಟೋಫ್ತೊರಾ ಎಂಬ ಕುಲದ ಸೂಕ್ಷ್ಮಜೀವಿ. ನೋಡಲು ಶಿಲೀಂಧ್ರದ ಹಾಗೆ ಇದ್ದರೂ ಇದು ನಿಜವಾದ ಶಿಲೀಂಧ್ರವಲ್ಲ. ನೀರಿನ ಬೂಸುಗಳ ಗುಂಪಿಗೆ ಸೇರಿದ್ದು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ 'ಗಿಡವನ್ನು ನಾಶ ಮಾಡುವುದು' ಎಂದು ಅರ್ಥ. ಇದರ ಬೀಜಕ ಚೀಲಗಳು ತಂಪಾದ ನೀರಿನಲ್ಲಿ ಒಡೆದು ಪುಟ್ಟ ಬೀಜಕಗಳನ್ನು ಹೊರಗೆ ಬಿಡುತ್ತವೆ. ಪ್ರತಿಯೊಂದಕ್ಕೂ ಎರಡು ಕಶಾಂಗ, ಅಂದರೆ ಬಾಲದಂಥ ಎಳೆ. ಅವು ಈಜುತ್ತವೆ! ಅಡಿಕೆ ಕಾಯಿಯ ಮೇಲಿರುವ ತೆಳ್ಳನೆಯ ನೀರಿನ ಪೊರೆಯೇ ಅವುಗಳ ಕೆರೆ. ಈಜಿ ಒಂದು ಕಡೆ ನಿಂತು, ಮೊಳೆತು, ಕಾಯಿಯ ಒಳಗೆ ಹೊಗುತ್ತವೆ. ನಡುವೆ ನೀರು ಒಣಗಿದರೆ ಅವುಗಳ ಕತೆ ಮುಗಿಯಿತು.

ಹಾಗಾದರೆ ನಮ್ಮ ಮುಖ್ಯ ಪ್ರಶ್ನೆ 'ಮಳೆ ಬಂತೋ ಇಲ್ಲವೋ' ಎಂಬುದಲ್ಲ. 'ಕಾಯಿಯ ಮೈ ಎಷ್ಟು ಹೊತ್ತು ಒಂದೇ ಸಮನೆ ಒದ್ದೆ ಇತ್ತು, ಆಗ ಎಷ್ಟು ತಂಪಿತ್ತು' ಎಂಬುದು. ಎಡೆಬಿಡದ ಮಳೆ, ನಡುನಡುವೆ ಸ್ವಲ್ಪ ಬಿಸಿಲು, 20ರಿಂದ 23 ಡಿಗ್ರಿ ಸೆಲ್ಸಿಯಸ್ ತಂಪು, ಶೇಕಡ 90ಕ್ಕಿಂತ ಹೆಚ್ಚು ಆರ್ದ್ರತೆ: ಇವೆಲ್ಲ ಸೇರಿದಾಗ ಕೊಳೆರೋಗ ಜೋರಾಗುತ್ತದೆ.

ಈ ರೋಗದ ಅಧ್ಯಯನ ಇಂದು ನಿನ್ನೆಯದಲ್ಲ. ಕೆನಡಾದಿಂದ ಬಂದು ಆಗಿನ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ವರದಿ ಪ್ರಕಟಿಸಿದ್ದರು. ಮೈಲುತುತ್ತು ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವನ್ನು ಅಡಿಕೆಗೆ ಬಳಕೆಗೆ ತಂದವರು ಅವರು. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, 40–45 ದಿನ ಕಳೆದು ಇನ್ನೊಮ್ಮೆ ಶೇಕಡ 1ರ ಬೋರ್ಡೋ ಬಿಡುವುದು ಇಂದಿಗೂ ನಡೆದು ಬಂದ ಕ್ರಮ.

ಆದರೆ ಎರಡನೇ ಮದ್ದಿನ ಹೊತ್ತಿಗೇ ತೊಂದರೆ ಇರುವುದು. ಮಳೆ ಬಿಡುವು ಕೊಡುವುದಿಲ್ಲ. ಮರ ಹತ್ತುವವರು ಸಿಗುವುದಿಲ್ಲ. ತಡವಾದರೆ ಫಸಲು ನೆಲಕ್ಕೆ. ಬೇಡದಾಗ ಬಿಟ್ಟರೆ ಮದ್ದು, ದುಡ್ಡು, ದುಡಿಮೆ ಎಲ್ಲ ದಂಡ, ಜೊತೆಗೆ ಮಣ್ಣಿಗೆ ತಾಮ್ರ ಸೇರುತ್ತದೆ. 'ಈಗ ಅಪಾಯ ಇದೆ, ಈಗ ಇಲ್ಲ' ಎಂದು ಮುಂಚಿತವಾಗಿ ಹೇಳಬೇಕಾದರೆ ನಂಬಬಹುದಾದ ಹವೆಯ ಲೆಕ್ಕ ಬೇಕು.

ಫೋನಿನ ಹವೆ, ತೋಟದ ಹವೆ

"ಅಳೆಯೋದು ಯಾಕೆ ಸಾರ್, ಫೋನಲ್ಲೇ ತೋರಿಸ್ತದಲ್ಲ?" ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಫೋನಿನಲ್ಲಿ ಕಾಣುವುದು ನಿಮ್ಮ ತೋಟದಲ್ಲಿ ಅಳೆದ ಸಂಖ್ಯೆಯಲ್ಲ. ದೂರದೂರದ ಹವಾಮಾನ ಕೇಂದ್ರಗಳು ಮತ್ತು ಉಪಗ್ರಹಗಳ ಮಾಹಿತಿಯಿಂದ ಕಂಪ್ಯೂಟರ್ ಲೆಕ್ಕ ಹಾಕಿ, ಕೆಲವು ಕಿಲೋಮೀಟರ್ ಅಗಲದ ಇಡೀ ಚೌಕಕ್ಕೆ ಕೊಟ್ಟ ಅಂದಾಜು. ನಾಳೆ ಕೊಡೆ ಬೇಕೋ ಬೇಡವೋ ಎಂದು ತಿಳಿಯಲು ಅದು ಸಾಕು.

ಬೀಜಕ ಇರುವುದು ಕಾಯಿಯ ಮೈಮೇಲೆ. ಅದಕ್ಕೆ ಊರಿನ ಹವೆ ಗೊತ್ತಿಲ್ಲ, ಆ ಬೆರಳಗಲದ ಹವೆ ಮಾತ್ರ ಗೊತ್ತು. ದಟ್ಟ ತೋಟದ ಒಳಗೆ ಗಾಳಿ ಕಡಿಮೆ, ಬಿಸಿಲು ಕಡಿಮೆ, ಒದ್ದೆ ಆರುವುದು ನಿಧಾನ. ಅದೇ ಹೊತ್ತಿಗೆ ಶಾಲೆಯ ಮೈದಾನ ಒಣಗಿರಬಹುದು. ಬೆಳೆಯ ನಡುವಿನ ಈ ಚಿಕ್ಕ ಹವೆಗೆ 'ಸೂಕ್ಷ್ಮ ಹವೆ' ಎನ್ನುತ್ತಾರೆ. ಮೊದಲ ನಿಯಮ ಇಲ್ಲೇ ಸಿಕ್ಕಿತು: ರೋಗ ಎಲ್ಲಿದೆಯೋ ಅಲ್ಲಿಯೇ ಅಳೆಯಬೇಕು. ಆಗದಿದ್ದರೆ, ಎಲ್ಲಿ ಅಳೆದೆವು ಎಂದು ಮುಚ್ಚಿಡದೆ ಬರೆಯಬೇಕು.

ಉಷ್ಣತೆ: ಥರ್ಮಾಮೀಟರ್ ಹೇಳುವುದು ತನ್ನ ಬಿಸಿಯನ್ನು

ಬಿಸಿಲಿನಲ್ಲಿ ನೇತುಹಾಕಿದ ಥರ್ಮಾಮೀಟರ್ ಗಾಳಿಯ ಉಷ್ಣತೆ ತೋರಿಸುವುದಿಲ್ಲ. ಬಿಸಿಲಿಗೆ ಕಾದ ತನ್ನದೇ ಗಾಜಿನ ಉಷ್ಣತೆ ತೋರಿಸುತ್ತದೆ. ಹೆಂಚಿನ ಮಾಡಿನ ಕೆಳಗೆ ಕಟ್ಟಿದರೆ ಹೆಂಚಿನ ಬಿಸಿ, ಸಿಮೆಂಟ್ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದರೆ ಗೋಡೆಯ ಬಿಸಿ. ಗಾಳಿಯದು ಬೇಕಾದರೆ ನೆರಳೂ ಬೇಕು, ಗಾಳಿಯಾಟವೂ ಬೇಕು.

ಇದಕ್ಕೆಂದೇ ಹವಾಮಾನ ಕೇಂದ್ರಗಳಲ್ಲಿ ಬಿಳಿ ಬಣ್ಣದ ಮರದ ಪೆಟ್ಟಿಗೆ ಇರುತ್ತದೆ. ನಾಲ್ಕೂ ಬದಿಗೆ ಓರೆಯಾದ ಪಟ್ಟಿಗಳು, ಗಾಳಿ ಆಡುತ್ತದೆ, ಬಿಸಿಲು ಒಳಗೆ ಬರುವುದಿಲ್ಲ. ಹೆಸರು ಸ್ಟೀವನ್ಸನ್ ಪೆಟ್ಟಿಗೆ. ಸ್ಕಾಟ್ಲೆಂಡಿನಲ್ಲಿ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್ಸನ್ ರೂಪಿಸಿದ್ದು.

ನೀವೂ ಒಂದು ಮಾಡಬಹುದು. ಏಳೆಂಟು ಬಿಳಿ ಪ್ಲಾಸ್ಟಿಕ್ ತಟ್ಟೆ ತೆಗೆದುಕೊಳ್ಳಿ. ಮೇಲಿನ ಎರಡನ್ನು ಬಿಟ್ಟು ಉಳಿದವುಗಳ ನಡುವೆ ದೊಡ್ಡ ತೂತು ಕೊರೆಯಿರಿ. ಎಲ್ಲವನ್ನೂ ಬೋರಲು ಮಾಡಿ, ಒಂದರ ಕೆಳಗೆ ಒಂದು ಬರುವಂತೆ, ನಡುವೆ ಎರಡು ಬೆರಳು ಜಾಗ ಬಿಟ್ಟು ಮೂರು ಉದ್ದ ಬೋಲ್ಟುಗಳಿಗೆ ಪೋಣಿಸಿ. ಒಳಗಿನ ಟೊಳ್ಳಿನಲ್ಲಿ ಥರ್ಮಾಮೀಟರ್ ನೇತಾಡಲಿ. ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿ ಕಂಬಕ್ಕೆ ಕಟ್ಟಿ.

ಥರ್ಮಾಮೀಟರ್ ಸರಿ ಇದೆಯೇ ಎಂದು ಪರೀಕ್ಷಿಸಲು ಪುಡಿಮಾಡಿದ ಮಂಜುಗಡ್ಡೆ ಸಾಕು. ಕರಗುತ್ತಿರುವ ಮಂಜುಗಡ್ಡೆಯ ನಡುವೆ ಐದು ನಿಮಿಷ ಇಟ್ಟರೆ 0 ಡಿಗ್ರಿ ತೋರಿಸಬೇಕು. 0.5 ತೋರಿಸಿತೇ? ಎಸೆಯಬೇಡಿ. 'ಈ ಥರ್ಮಾಮೀಟರ್ 0 ಡಿಗ್ರಿಯಲ್ಲಿ 0.5 ಹೆಚ್ಚು ತೋರಿಸುತ್ತದೆ' ಎಂದು ಚೀಟಿ ಅಂಟಿಸಿ. ಗೊತ್ತಿರುವ ದೋಷವನ್ನು ಲೆಕ್ಕದಲ್ಲಿ ಕಳೆಯಬಹುದು, ಗೊತ್ತಿಲ್ಲದ ದೋಷವನ್ನು ಕಳೆಯಲಾಗುವುದಿಲ್ಲ.

ಆರ್ದ್ರತೆ: ಅರ್ಧ ಡಿಗ್ರಿಯ ಬೆಲೆ

ಎರಡು ಥರ್ಮಾಮೀಟರ್ ಜೊತೆಗಿಡಿ. ಒಂದರ ಬಲ್ಬಿಗೆ ತೆಳ್ಳನೆಯ ಹತ್ತಿಬಟ್ಟೆ ಸುತ್ತಿ, ಬಟ್ಟೆಯ ತುದಿ ಶುದ್ಧ ನೀರಿನಲ್ಲಿ ಮುಳುಗಿರಲಿ. ನೀರು ಆವಿಯಾಗುವಾಗ ಬಲ್ಬು ತಣ್ಣಗಾಗುತ್ತದೆ. ಗಾಳಿ ಒಣಗಿದ್ದರೆ ಹೆಚ್ಚು ಆವಿ, ಹೆಚ್ಚು ತಂಪು. ಗಾಳಿಯಲ್ಲಿ ತೇವ ತುಂಬಿದ್ದರೆ ಎರಡರ ನಡುವೆ ವ್ಯತ್ಯಾಸವೇ ಇರುವುದಿಲ್ಲ. ಓದುವ ಮೊದಲು ಎರಡು ಮೂರು ನಿಮಿಷ ಬೀಸಣಿಗೆಯಿಂದ ಗಾಳಿ ಹಾಕಬೇಕು.

ಸಮುದ್ರಮಟ್ಟಕ್ಕೆ ಹತ್ತಿರದ ಊರುಗಳಲ್ಲಿ, ಒಣ ಬಲ್ಬು 22ರಿಂದ 26 ಡಿಗ್ರಿಯೊಳಗೆ ಇದ್ದಾಗ, ಸಾಪೇಕ್ಷ ಆರ್ದ್ರತೆ ಸುಮಾರಾಗಿ ಹೀಗಿರುತ್ತದೆ:

ವ್ಯತ್ಯಾಸ 0.5 ಡಿಗ್ರಿ — ಶೇ. 96
ವ್ಯತ್ಯಾಸ 1.0 ಡಿಗ್ರಿ — ಶೇ. 92
ವ್ಯತ್ಯಾಸ 1.5 ಡಿಗ್ರಿ — ಶೇ. 88
ವ್ಯತ್ಯಾಸ 2.0 ಡಿಗ್ರಿ — ಶೇ. 84

ಇದನ್ನು ಸ್ವಲ್ಪ ದಿಟ್ಟಿಸಿ ನೋಡಿ. ಅರ್ಧ ಡಿಗ್ರಿ ತಪ್ಪಿದರೆ ಆರ್ದ್ರತೆ ಶೇಕಡ 4ರಷ್ಟು ತಪ್ಪುತ್ತದೆ. ಅಷ್ಟು ತಪ್ಪಿದರೆ ಏನಾಯಿತು ಅಂತೀರಾ? ಒಂದು ನಿಜವಾದ ಉದಾಹರಣೆ ನೋಡೋಣ.

ಕೊಳೆರೋಗದ ಕುಲದ್ದೇ ಇನ್ನೊಂದು ಜೀವಿ ಆಲೂಗಡ್ಡೆಗೆ ಅಂಗಮಾರಿ ರೋಗ ತರುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಭೀಕರ ಬರಗಾಲಕ್ಕೆ ಕಾರಣವಾದದ್ದು ಅದೇ. ಆ ರೋಗ ಯಾವಾಗ ಬರುತ್ತದೆ ಎಂದು ಮೊದಲೇ ಹೇಳಲು ಬ್ರಿಟನ್ನಿನಲ್ಲಿ ಹವೆಯನ್ನು ಅಳೆದು ಅಳೆದು ಸೂತ್ರ ಕಟ್ಟಿದರು. 1956ರ ಸ್ಮಿತ್ ಸೂತ್ರ ಹೀಗಿತ್ತು: ಒಂದರ ಹಿಂದೆ ಒಂದು ಎರಡು ದಿನ ಕನಿಷ್ಠ ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಮತ್ತು ಪ್ರತಿದಿನ ಕನಿಷ್ಠ 11 ಗಂಟೆ ಆರ್ದ್ರತೆ ಶೇಕಡ 90 ಅಥವಾ ಹೆಚ್ಚು ಇರಬೇಕು. ಹಾಗಿದ್ದರೆ ಎಚ್ಚರಿಕೆಯ ಗಂಟೆ.

ಈಗ ಯೋಚಿಸಿ. ನಿಜವಾದ ಆರ್ದ್ರತೆ ಶೇಕಡ 92. ಒದ್ದೆ ಬಲ್ಬು ಅರ್ಧ ಡಿಗ್ರಿ ಕಡಿಮೆ ತೋರಿಸುವ ದೋಷದ್ದು. ನಮ್ಮ ಪುಸ್ತಕದಲ್ಲಿ ಬಂದದ್ದು 88. ಇಡೀ ರಾತ್ರಿ ಹೀಗೆಯೇ ಆದರೆ ಆ ದಿನ 'ಅಪಾಯ ಇಲ್ಲ' ಎಂಬ ಪಟ್ಟಿಗೆ ಸೇರಿಹೋಗುತ್ತದೆ. ಗದ್ದೆಯಲ್ಲಿ ಮಾತ್ರ ರೋಗ ಹಬ್ಬುತ್ತಿರುತ್ತದೆ. ಅರ್ಧ ಡಿಗ್ರಿಯ ತಪ್ಪಿಗೆ ಒಬ್ಬ ರೈತನ ಬೆಳೆ!

ಇನ್ನೊಂದು ಸ್ವಾರಸ್ಯ. 2017ರಲ್ಲಿ ಬ್ರಿಟನ್ನಿನವರೇ ಈ ಸೂತ್ರ ಬದಲಿಸಿದರು. 11 ಗಂಟೆಯ ಬದಲು 6 ಗಂಟೆ ಸಾಕು ಎಂದು ಹೊಸ ಅಧ್ಯಯನ ತೋರಿಸಿತು. ಅದಕ್ಕೆ ಹಟನ್ ಸೂತ್ರ ಎಂದು ಹೆಸರು. ಚೆನ್ನಾಗಿ ಅಳೆದ ಹಳೆಯ ದಾಖಲೆ ಇದ್ದರೆ ಮಾತ್ರ ಹಳೆಯ ಸೂತ್ರ ಎಲ್ಲಿ ತಪ್ಪಿತು ಎಂದು ಹಿಂತಿರುಗಿ ನೋಡಲು ಸಾಧ್ಯ. ಹಾಗೆಯೇ, ಅಲ್ಲಿಯ ಸೂತ್ರವನ್ನು ತಂದು ಇಲ್ಲಿಯ ಅಡಿಕೆಗೆ ಹಚ್ಚುವ ಹಾಗಿಲ್ಲ. ನಮ್ಮ ಬೆಳೆಗೆ ನಮ್ಮ ನೆಲದಲ್ಲೇ ಅಳೆಯಬೇಕು.

ಅಂಗಡಿಯಲ್ಲಿ ಸಿಗುವ ಡಿಜಿಟಲ್ ಆರ್ದ್ರತಾಮಾಪಕ ನಿಮ್ಮಲ್ಲಿದ್ದರೆ ಅದನ್ನು ಅಡುಗೆ ಉಪ್ಪಿನಿಂದ ಪರೀಕ್ಷಿಸಬಹುದು. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಿನಂತೆ ಆಗುವಷ್ಟೇ ನೀರು ಹಾಕಿ. ಉಪ್ಪು ಪೂರ್ತಿ ಕರಗಬಾರದು. ಆ ಮುಚ್ಚಳವನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ಒಳಗಿನ ಗಾಳಿಯ ಆರ್ದ್ರತೆ ಶೇಕಡ 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 80 ಅಂದರೆ ಅದು 5 ಹೆಚ್ಚು ಹೇಳುತ್ತಿದೆ ಎಂದಾಯಿತು. ಪರದೆಯ ಮೇಲೆ 80.3 ಎಂದು ದಶಾಂಶ ಕಂಡ ಮಾತ್ರಕ್ಕೆ ಅದು ನಿಖರ ಎಂದು ನಂಬಬೇಡಿ. ಸಣ್ಣ ಸಂಖ್ಯೆಯವರೆಗೆ ತೋರಿಸುವುದು ಬೇರೆ, ಸರಿಯಾಗಿ ತೋರಿಸುವುದು ಬೇರೆ.

ಮಳೆ: ಎಷ್ಟು ಮತ್ತು ಎಷ್ಟು ಹೊತ್ತು

ಮಳೆಯನ್ನು ಲೀಟರಿನಲ್ಲಿ ಹೇಳದೆ ಮಿಲಿಮೀಟರಿನಲ್ಲಿ ಹೇಳುವುದು ಯಾಕೆ? ನೀರು ಹರಿದುಹೋಗದೆ, ಇಂಗದೆ ಬಿದ್ದಲ್ಲೇ ನಿಂತಿದ್ದರೆ ಎಷ್ಟು ಎತ್ತರ ನಿಲ್ಲುತ್ತಿತ್ತೋ ಅದೇ ಮಳೆಯ ಅಳತೆ. 1 ಚದರ ಮೀಟರ್ ಜಾಗಕ್ಕೆ 1 ಲೀಟರ್ ಬಿದ್ದರೆ 1 ಮಿಲಿಮೀಟರ್.

ಒಂದು ಲೆಕ್ಕ: ನಿಮ್ಮ ಆಲಿಕೆಯ ಬಾಯಿ 10 ಸೆಂ.ಮೀ. ಅಗಲ. ಅಂದರೆ ತ್ರಿಜ್ಯ 5 ಸೆಂ.ಮೀ.
ಬಾಯಿಯ ವಿಸ್ತೀರ್ಣ = 3.14 × 5 × 5 = 78.5 ಚದರ ಸೆಂ.ಮೀ.
ಬಾಟಲಿಯಲ್ಲಿ ಸಿಕ್ಕ ನೀರು 157 ಮಿಲಿಲೀಟರ್.
ಮಳೆ = 157 ÷ 78.5 = 2 ಸೆಂ.ಮೀ., ಅಂದರೆ 20 ಮಿಲಿಮೀಟರ್.

ಮಾಪಕವನ್ನು ಎಲ್ಲಿ ಇಡಬೇಕು? ಭಾರತ ಹವಾಮಾನ ಇಲಾಖೆಯ ಮಳೆಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರುತ್ತದೆ. ಹತ್ತಿರದ ಮರ, ಕಟ್ಟಡ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ ಇಡಬೇಕು. ಅಡಿಕೆ ತೋಟದ ನಡುವೆ ಅಂಥ ಜಾಗ ಸಿಗುವುದಿಲ್ಲ. ಅದಕ್ಕೆ ಮಾಪಕವನ್ನು ಶಾಲೆಯ ಮೈದಾನದಲ್ಲೋ ಗದ್ದೆಯಲ್ಲೋ ಇಡಿ. ತೋಟದೊಳಗೂ ಒಂದು ಇಡಬಹುದು, ಆದರೆ ಅದು ಸೋಗೆಯಿಂದ ತೊಟ್ಟಿಕ್ಕಿದ ನೀರಿನ ಅಳತೆ. ಎರಡನ್ನೂ ಬೆರೆಸಬೇಡಿ, ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ನಮ್ಮ ದೇಶದಲ್ಲಿ ದಿನದ ಮಳೆಯನ್ನು ಬೆಳಗ್ಗೆ 8.30ಕ್ಕೆ ಅಳೆಯುತ್ತಾರೆ. ಅದು ಹಿಂದಿನ ದಿನದ 8.30ರಿಂದ ಬಿದ್ದ 24 ಗಂಟೆಗಳ ಮಳೆ. ನೀವೂ ಅದೇ ಹೊತ್ತು ಪಾಲಿಸಿ. ನೀರಿನ ಮಟ್ಟಕ್ಕೆ ಸರಿಯಾಗಿ ಕಣ್ಣು ತಂದು, ನೀರಿನ ಬಾಗಿದ ಮೈಯ ಕೆಳಅಂಚನ್ನು ಓದಿ. ಆಲಿಕೆಗೆ ಎಲೆ, ಜೇಡರ ಬಲೆ ಕಟ್ಟಿದೆಯೇ ಎಂದು ದಿನವೂ ನೋಡಿ. ಸಂಶೋಧಕರ ಸ್ವಯಂಚಾಲಿತ ಮಾಪಕಕ್ಕೂ ಇದೇ ಕಾಯಿಲೆ! ಕಸ ಕಟ್ಟಿದ ಮಾಪಕ ಬಿರುಮಳೆಯ ದಿನವೂ 'ಮಳೆ ಇಲ್ಲ' ಎಂದು ಬರೆದಿಡುತ್ತದೆ.

ಇನ್ನೊಂದು ಮಾತು. ಅರ್ಧ ಗಂಟೆಯಲ್ಲಿ ಧೋ ಎಂದು ಸುರಿದು ಬಿಸಿಲು ಬಂದ 20 ಮಿಲಿಮೀಟರ್, ದಿನವಿಡೀ ಜಿಟಿಜಿಟಿ ಬಿದ್ದ 20 ಮಿಲಿಮೀಟರ್: ಮಾಪಕಕ್ಕೆ ಎರಡೂ ಒಂದೇ. ಬೀಜಕಕ್ಕೆ ಅಲ್ಲ. ಮೊದಲನೆಯದರಲ್ಲಿ ಕಾಯಿ ಬೇಗ ಆರೀತು. ಎರಡನೆಯದರಲ್ಲಿ ಇಡೀ ದಿನ ಕೆರೆ ತುಂಬಿಯೇ ಇರುತ್ತದೆ. ಆದ್ದರಿಂದ ಮಳೆ ಶುರುವಾದ ಹೊತ್ತು, ನಿಂತ ಹೊತ್ತು ಎರಡನ್ನೂ ಬರೆಯಬೇಕು.

ಎಲೆಯ ಒದ್ದೆ: ಎಲ್ಲಕ್ಕಿಂತ ಮುಖ್ಯ, ಎಲ್ಲಕ್ಕಿಂತ ಕಷ್ಟ

ಮಳೆ ಇಲ್ಲದಿದ್ದರೂ ಎಲೆ ಒದ್ದೆಯಾಗುತ್ತದೆ, ಇಬ್ಬನಿಯಿಂದ. ಮೋಡ ಇಲ್ಲದ ರಾತ್ರಿ ಎಲೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಪೆಟ್ಟಿಗೆಯೊಳಗಿನ ಮಾಪಕ ಆರ್ದ್ರತೆ ಶೇಕಡ 90 ಎನ್ನುತ್ತಿದ್ದರೂ ಎಲೆಯ ಮೇಲೆ ನೀರು ಕೂತಿರಬಹುದು. ಹಾಗಾಗಿ ಆರ್ದ್ರತೆಯೊಂದನ್ನೇ ನೋಡಿ ಒದ್ದೆಯನ್ನು ಪೂರ್ತಿ ಊಹಿಸಲಾಗದು.

ಸಂಶೋಧಕರು ಇದಕ್ಕೆ ಎಲೆಯಾಕಾರದ ಅಥವಾ ಪಟ್ಟಿಯಂಥ ಒಂದು ವಿದ್ಯುತ್ ಸಂವೇದಕ ಬಳಸುತ್ತಾರೆ. ಅದರ ಮೇಲೆ ಬಾಚಣಿಗೆಯ ಹಲ್ಲಿನಂತೆ ಎರಡು ತಂತಿಸಾಲು. ನೀರು ಬಿದ್ದರೆ ಸಾಲುಗಳ ನಡುವೆ ವಿದ್ಯುತ್ ಹರಿಯುತ್ತದೆ, ಒಣಗಿದರೆ ನಿಲ್ಲುತ್ತದೆ. ಸಣ್ಣ ಇಬ್ಬನಿ ಹನಿಯೂ ಹರಡಿಕೊಳ್ಳಲಿ ಎಂದು ಮೇಲೆ ಬಣ್ಣ ಬಳಿಯುತ್ತಾರೆ. ನೀರು ನಿಲ್ಲದ ಹಾಗೆ ಓರೆಯಾಗಿ, ಸಾಮಾನ್ಯವಾಗಿ ಉತ್ತರಕ್ಕೆ ಮುಖ ಮಾಡಿ ಇಡುತ್ತಾರೆ. ಅದನ್ನು ಇಟ್ಟ ಓರೆ, ಎತ್ತರ ಬದಲಾದರೆ ಸಿಗುವ ಗಂಟೆಗಳೂ ಬದಲಾಗುತ್ತವೆ. ಅದಕ್ಕೇ ಒಳ್ಳೆಯ ಪ್ರಬಂಧದಲ್ಲಿ 'ಇಷ್ಟು ಎತ್ತರ, ಇಷ್ಟು ಓರೆ, ಈ ದಿಕ್ಕು' ಎಂದು ಬರೆದೇ ಇರುತ್ತದೆ.

ನಿಮ್ಮ ಬಳಿ ಸಂವೇದಕ ಇಲ್ಲ. ಕಣ್ಣು, ಬೆರಳು ಮತ್ತು ಒಂದು ತುಂಡು ಟಿಶ್ಯೂ ಕಾಗದ ಇದೆ. ಒಂದೇ ಎತ್ತರದ ಐದು ಎಲೆಗಳಿಗೆ ನೂಲು ಕಟ್ಟಿ ಗುರುತು ಮಾಡಿ. ಪ್ರತಿ ಗಂಟೆಗೆ, ಪ್ರತಿ ಸಲವೂ ಎಲೆಯ ಬೇರೆ ಬೇರೆ ಜಾಗಕ್ಕೆ ಕಾಗದ ತಾಗಿಸಿ. ಕಾಗದ ನೆನೆದರೆ 'ಒ', ನೆನೆಯದಿದ್ದರೆ 'ಣ'. ಐದರಲ್ಲಿ ಮೂರು ನೆನೆದರೆ ಆ ಗಂಟೆ ಒದ್ದೆ ಎಂದು ಲೆಕ್ಕ.

ಅಡಿಕೆ ಗೊನೆ ಮೇಲೆಲ್ಲೋ ಇರುತ್ತದೆ. ಯಾರೂ ಮರ ಹತ್ತಬಾರದು. ಗೊನೆ ಕೈಗೆಟುಕುವ ಗಿಡ್ಡ ಮರ ಇದ್ದರೆ ಕಾಯಿಯನ್ನೇ ನೋಡಿ. ಇಲ್ಲದಿದ್ದರೆ ಕೆಳಗಿನ ಕರಿಮೆಣಸಿನ ಅಥವಾ ಕೊಕ್ಕೋ ಎಲೆ ನೋಡಿ, 'ಇದು ಗೊನೆಯ ಒದ್ದೆಯಲ್ಲ, ಕೆಳಗಿನ ಎಲೆಯ ಒದ್ದೆ' ಎಂದು ಬರೆಯಿರಿ. ಗುಡುಗು ಸಿಡಿಲಿನ ಹೊತ್ತಿಗೆ ತೋಟಕ್ಕೆ ಹೋಗಬೇಡಿ. ಕತ್ತಲಾದ ಮೇಲೆ ದೊಡ್ಡವರು ಜೊತೆಗಿರಬೇಕು, ಕಾಲಿಗೆ ಬೂಟು, ಕೈಯಲ್ಲಿ ಟಾರ್ಚು ಇರಬೇಕು. ಮದ್ದು ಬಿಟ್ಟ ತೋಟದ ಎಲೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.

ಖಾಲಿ ಜಾಗ ಖಾಲಿಯಾಗಿಯೇ ಇರಲಿ

ರಾತ್ರಿಯಿಡೀ ಎದ್ದು ನೋಡಲು ನಿಮಗೆ ಆಗದು, ಆಗಬೇಕಾಗಿಯೂ ಇಲ್ಲ. ಲೆಕ್ಕಕ್ಕಾಗಿ ಒಂದು ಉದಾಹರಣೆ ತೆಗೆದುಕೊಳ್ಳೋಣ:

ರಾತ್ರಿ 8 ಗಂಟೆ — ಣ
ರಾತ್ರಿ 9 ಗಂಟೆ — ಒ
(ನಡುವೆ ನೋಡಿಲ್ಲ)
ಬೆಳಗ್ಗೆ 6, 7, 8 ಗಂಟೆ — ಒ
ಬೆಳಗ್ಗೆ 9 ಗಂಟೆ — ಣ

ಎಲೆ ಎಷ್ಟು ಗಂಟೆ ಒದ್ದೆ ಇತ್ತು? 9ರಿಂದ 8ರವರೆಗೆ ಎಂದರೆ 11 ಗಂಟೆ. ಆದರೆ 8 ಗಂಟೆ ಕಳೆದ ಕೂಡಲೇ ಒದ್ದೆಯಾಗಿ, ಬೆಳಗ್ಗೆ 9 ಆಗುವವರೆಗೂ ಹಾಗೆಯೇ ಇದ್ದಿರಲೂಬಹುದು. ಆಗ ಸುಮಾರು 13 ಗಂಟೆ. ಸರಿಯಾದ ಉತ್ತರ ಇದು: 'ರಾತ್ರಿ ನಡುವೆ ಆರಿರಲಿಲ್ಲ ಎಂದು ಭಾವಿಸಿದರೆ, 11ರಿಂದ 13 ಗಂಟೆ.' ಒಂದೇ ಸಂಖ್ಯೆ ಹೇಳದಿದ್ದರೆ ಸೋತಂತೆ ಅಲ್ಲ. ನಮಗೆ ಎಷ್ಟು ಗೊತ್ತು ಎಂಬುದನ್ನೇ ಅದು ಸರಿಯಾಗಿ ಹೇಳುತ್ತದೆ. ಸಂಶೋಧಕರ ಯಂತ್ರ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಬರೆದಿಡುವುದು ಈ ಅಂತರವನ್ನು ಚಿಕ್ಕದು ಮಾಡಲಿಕ್ಕೇ.

ಈಗ ಒಂದು ಗಟ್ಟಿ ಮಾತು. ಒಂದು ದಿನ ಜ್ವರ ಬಂತು, ಅಳೆಯಲಿಲ್ಲ. ಪುಸ್ತಕದಲ್ಲಿ ಆ ಸಾಲು ಖಾಲಿ. "ನಿನ್ನೆಯದ್ದೇ ಬರೆದ್ರೆ ಯಾರಿಗೆ ಗೊತ್ತಾಗ್ತದೆ?" ಎಂದು ಮನಸ್ಸು ಹೇಳುತ್ತದೆ. ಬರೆಯಬೇಡಿ. ಅಳೆಯದ ಕಡೆ ಗೆರೆ ಎಳೆದು 'ಅಳೆದಿಲ್ಲ' ಎನ್ನಿ. ಮಳೆ ಇಲ್ಲದ ದಿನ 0 ಬರೆಯಿರಿ. 0 ಮತ್ತು 'ಅಳೆದಿಲ್ಲ' ಒಂದೇ ಅಲ್ಲ. ಖಾಲಿ ಸಾಲು ಇದ್ದರೆ ಓದುವವರು ಎಚ್ಚರವಾಗಿರುತ್ತಾರೆ. ಸುಳ್ಳು ಸಂಖ್ಯೆ ಇದ್ದರೆ ಅದನ್ನೇ ನಂಬಿ ಯಾರೋ ಮದ್ದು ಬಿಡುವುದನ್ನು ಮುಂದೂಡುತ್ತಾರೆ. ತಪ್ಪು ಬರೆದರೆ ಅಳಿಸಬೇಡಿ, ಒಂದು ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ.

ಹವೆ ಮಾತ್ರ ಅಳೆದರೆ ಅರ್ಧ ಕೆಲಸ. ರೋಗವನ್ನೂ ಎಣಿಸಬೇಕು. ಹತ್ತು ಮರ ಆರಿಸಿ ಸಂಖ್ಯೆ ಹಾಕಿ. ವಾರಕ್ಕೊಮ್ಮೆ, ಅದೇ ವಾರ, ಬುಡದಲ್ಲಿ ಬಿದ್ದ ಕಾಯಿ ಎಣಿಸಿ ಹೆಕ್ಕಿ ತೆಗೆಯಿರಿ. ಕೊಳೆತದ್ದು ಎಷ್ಟು, ಬೇರೆ ಕಾರಣಕ್ಕೆ ಬಿದ್ದದ್ದು ಎಷ್ಟು? ಮದ್ದು ಬಿಟ್ಟ ತಾರೀಕು ಯಾವುದು? ಕಾಯಿಗೆ ಸೋಂಕು ತಗಲಿದ ದಿನವೇ ಅದು ಉದುರುವುದಿಲ್ಲ. ಆದ್ದರಿಂದ ಇಂದು ಬಿದ್ದ ಕಾಯಿಗೆ ಇಂದಿನ ಮಳೆಯೇ ಕಾರಣ ಎನ್ನದೆ, ಪುಸ್ತಕದಲ್ಲಿ ಕೆಲವು ದಿನ ಹಿಂದೆ ಹೋಗಿ ನೋಡಬೇಕು. ಒಂದು ಮಳೆಗಾಲದ ಲೆಕ್ಕದಿಂದ ತೀರ್ಮಾನಕ್ಕೆ ಬರಲೂ ಆಗದು. ನಿಮ್ಮ ನಂತರ ಆ ತರಗತಿಗೆ ಬರುವವರು ಅದೇ ಜಾಗದಲ್ಲಿ, ಅದೇ ಹೊತ್ತಿಗೆ ಮುಂದುವರಿಸಿದರೆ ಆಗ ನಿಜವಾದ ದಾಖಲೆ ಹುಟ್ಟುತ್ತದೆ.

ನಿಮ್ಮ ಊರಿನ ಬೆಳೆ ಯಾವುದು?

ನೀವು ಕಾಸರಗೋಡಿನವರೇ ಆಗಬೇಕಿಲ್ಲ. ವಯನಾಡಿನಲ್ಲಿ ಕರಿಮೆಣಸಿನ ಬಳ್ಳಿಯನ್ನು ಬಾಡಿಸುವ ಶೀಘ್ರ ಸೊರಗು ರೋಗಕ್ಕೂ ಫೈಟೋಫ್ತೊರಾ ಕುಲದ ಜೀವಿಯೇ ಕಾರಣ. ಅಲ್ಲಿ ಬುಡದ ಮಣ್ಣಿನಲ್ಲಿ ನೀರು ಎಷ್ಟು ಹೊತ್ತು ನಿಂತಿತು ಎಂಬುದನ್ನೂ ಬರೆಯಿರಿ. ನೀಲಗಿರಿಯಲ್ಲಿ ಆಲೂಗಡ್ಡೆಯ ಅಂಗಮಾರಿ ಇದೆ, ಆದರೆ ಮೇಲೆ ಕೊಟ್ಟ ಆರ್ದ್ರತೆಯ ಪಟ್ಟಿ ಅಲ್ಲಿಗೆ ಹೊಂದದು. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಉಷ್ಣತೆಯೂ ಕಡಿಮೆ. ಸೊಲ್ಲಾಪುರದ ಕಡೆ ದ್ರಾಕ್ಷಿ ಇದ್ದರೆ ಡೌನಿ ಮಿಲ್ಡ್ಯೂ, ಬೂದಿರೋಗ ಎರಡನ್ನೂ ಹೋಲಿಸಿ ನೋಡಿ. ಮೊದಲನೆಯದಕ್ಕೆ ಎಲೆಯ ಮೇಲೆ ನೀರು ಬೇಕೇ ಬೇಕು, ಎರಡನೆಯದಕ್ಕೆ ನಿಂತ ನೀರು ಆಗಿಬರುವುದಿಲ್ಲ. ರಾಯದುರ್ಗ, ಮಡಕಶಿರಾ ಕಡೆಯ ಶೇಂಗಾ ಹೊಲದಲ್ಲಿ ಎಲೆಚುಕ್ಕೆ ರೋಗ ಬರುತ್ತದೆ. ಮಳೆ ಕಡಿಮೆ ಇರುವ ಆ ಬಯಲಿನಲ್ಲಿ ಇಬ್ಬನಿಯ ಗಂಟೆಗಳನ್ನು ಎಣಿಸುವುದೇ ದೊಡ್ಡ ಕೆಲಸ. ಬೆಳೆ ಬದಲಾದರೆ ಮುಖ್ಯವಾಗಿ ಏನನ್ನು ಅಳೆಯಬೇಕು ಎಂಬುದೂ ಬದಲಾಗುತ್ತದೆ.

ಮಾಡಿ ನೋಡಿ

1. ಒಂದು ಥರ್ಮಾಮೀಟರನ್ನು ತಟ್ಟೆಗಳ ಪೆಟ್ಟಿಗೆಯೊಳಗೆ, ಇನ್ನೊಂದನ್ನು ಬಿಸಿಲು ಬೀಳುವ ಗೋಡೆಗೆ ಕಟ್ಟಿ. ಬೆಳಗ್ಗೆ 8.30, ಮಧ್ಯಾಹ್ನ 2.30, ಸಂಜೆ 5.30ಕ್ಕೆ ಓದಿ. ವ್ಯತ್ಯಾಸ ಯಾವಾಗ ಹೆಚ್ಚು? ಮೋಡದ ದಿನ ಏನಾಯಿತು?
2. ಎರಡು ಒಂದೇ ಬಗೆಯ ಮಳೆಮಾಪಕ ಮಾಡಿ. ಒಂದು ಬಯಲಿನಲ್ಲಿ, ಒಂದು ಮರದ ಕೆಳಗೆ ಇಡಿ. ಒಂದು ವಾರದ ಮಳೆ ಹೋಲಿಸಿ.
3. ಒಂದು ವಾರ ಫೋನಿನ ಆರ್ದ್ರತೆಯನ್ನೂ ನಿಮ್ಮ ಅಳತೆಯನ್ನೂ ಅಕ್ಕಪಕ್ಕ ಬರೆಯಿರಿ.

ಯೋಚಿಸಿ ಉತ್ತರಿಸಿ

1. ಒಣ ಬಲ್ಬು 24 ಡಿಗ್ರಿ, ಒದ್ದೆ ಬಲ್ಬು 22.5 ಡಿಗ್ರಿ. ಆರ್ದ್ರತೆ ಎಷ್ಟು? ಒದ್ದೆ ಬಲ್ಬು ನಿಜಕ್ಕಿಂತ 0.5 ಕಡಿಮೆ ತೋರಿಸುತ್ತಿದೆ ಎಂದು ಆಮೇಲೆ ತಿಳಿದರೆ?
2. ಆಲಿಕೆಯ ಬಾಯಿ 14 ಸೆಂ.ಮೀ. ಅಗಲ, ನೀರು 462 ಮಿಲಿಲೀಟರ್. ಮಳೆ ಎಷ್ಟು ಮಿಲಿಮೀಟರ್? (22/7 ಬಳಸಿ)
3. ಒದ್ದೆ ಬಲ್ಬಿನ ಬಟ್ಟೆ ಒಣಗಿಹೋದದ್ದನ್ನು ನೀವು ಗಮನಿಸಲಿಲ್ಲ. ಲೆಕ್ಕದಲ್ಲಿ ಆರ್ದ್ರತೆ ಹೆಚ್ಚು ಬರುತ್ತದೆಯೋ ಕಡಿಮೆಯೋ? ಯಾಕೆ?

(ಉತ್ತರ: 1. ಸುಮಾರು ಶೇ. 88, ಸರಿಪಡಿಸಿದರೆ ಸುಮಾರು ಶೇ. 92. 2. 30 ಮಿಲಿಮೀಟರ್. 3. ಹೆಚ್ಚು. ಬಟ್ಟೆ ಒಣಗಿದರೆ ಬಲ್ಬು ತಣ್ಣಗಾಗುವುದಿಲ್ಲ, ಎರಡೂ ಥರ್ಮಾಮೀಟರ್ ಒಂದೇ ಉಷ್ಣತೆ ತೋರಿಸುತ್ತವೆ.)

ಮುಂದಿನ ಆಟಿಯಲ್ಲಿ ಅಜ್ಜ "ಮಳೆ ಬಿಡ್ಲೇ ಇಲ್ಲ" ಎಂದಾಗ ನಿಮ್ಮ ಪುಸ್ತಕ ತೆಗೆದು ಅವರ ಪಕ್ಕ ಕುಳಿತುಕೊಳ್ಳಿ. "ಹೌದಜ್ಜ, ಈ ವಾರ ಆರು ರಾತ್ರಿ ಹನ್ನೊಂದು ಗಂಟೆಗಿಂತ ಹೆಚ್ಚು ಒದ್ದೆ ಇತ್ತು. ಒಂದು ರಾತ್ರಿಯದ್ದು ನೋಡಿಲ್ಲ" ಎಂದು ಹೇಳುವ ಹಾಗಾದರೆ ಪಾಠ ಕಲಿತಂತೆ. ಅವರ ಕಣ್ಣಳತೆಗೂ ನಿಮ್ಮ ಅಳತೆಗೂ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಇಬ್ಬರೂ ಕೂಡಿ ನೋಡಿ.